ದಂಟಿಗೆ ಕುಲಾವಿ ಹೊಲಿದವಳು

ನನ್ನ ಓರಗಿತ್ತಿ ಹೊಲಿದುಕೊಟ್ಟ ಕೋಟನ್ನು ನಾನು ತೊಟ್ಟು ಜನರ ಮುಂದೆ ಹೋದದ್ದು ಒಂದೇ ಒಂದು ಸಲ, ಮಗಳ ಮದುವೆಯ ದಿನ. ನೀಲಿ ಉಣ್ಣೆಬಟ್ಟೆ, ಒಳಗೆ ನುಣುಪು ಅಸ್ತರು, ಮೊಣಕಾಲಿನವರೆಗೆ ಉದ್ದ. ಕನ್ನಡಿಯ ಮುಂದೆ ನಿಂತಾಗ ಚೆನ್ನಾಗಿಯೇ ಕಂಡಿತು. ನಡೆಯತೊಡಗಿದ ಮೇಲೆ ಅದರ ಗುಣ ಗೊತ್ತಾಯಿತು. ಕೆಳಗಿನ ಅಂಚಿನ ಮಡಿಕೆಯೊಳಗೆ ನಾಲ್ಕು ಕಡೆ ಗಂಟುಗಂಟಾಗಿ ಏನೋ ಇತ್ತು. ಹೆಜ್ಜೆ ಇಟ್ಟಾಗಲೆಲ್ಲ ಮೊಣಕಾಲಿಗೆ ಟಪ್ ಟಪ್ ಎಂದು ಬಡಿಯುತ್ತಿತ್ತು. ಬೀಗಿತ್ತಿ ನನ್ನ ಕಾಲನ್ನೇ ನೋಡುತ್ತ ನಿಂತಿದ್ದಳು, ಹುಡುಗಿಯ ತಾಯಿಗೆ ವಾತವಿರಬೇಕೆಂದು.

"ಏನೇ ಇದು? ಕೋಟು ಹೊಲಿ ಅಂದ್ರೆ ಹಸುವಿನ ಗಂಟೆ ಕಟ್ಟಿದೀಯಲ್ಲೇ!" ಎಂದೆ, ಮೂಲೆಗೆ ಎಳೆದುಕೊಂಡು ಹೋಗಿ.

"ಅಂಚಿಗೆ ಸ್ವಲ್ಪ ಭಾರ ಇದ್ರೆ ಬಟ್ಟೆ ನೆಟ್ಟಗೆ ಇಳಿಯತ್ತೆ ಅಕ್ಕ. ದೊಡ್ಡ ಟೈಲರ್‌ಗಳೆಲ್ಲ ಹಾಗೇ ಮಾಡೋದು."

"ನೀನ್ಯಾವಾಗಮ್ಮ ದೊಡ್ಡ ಟೈಲರ್ ಆದೆ?"

ಅವಳು ಸೆರಗಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಉತ್ತರ ಕೊಡಲು ಮನಸ್ಸಿಲ್ಲದಾಗ ಅವಳ ಬಾಯಿ ತುಂಬ ಗುಂಡುಸೂಜಿ ಇರುತ್ತದೆ. ಮದುವೆ ಮನೆಯೆಂದೂ ಇಲ್ಲ, ಸಾವಿನ ಮನೆಯೆಂದೂ ಇಲ್ಲ.

ಮರುದಿನವೇ ಆ ಕೋಟು ನನ್ನ ಟ್ರಂಕಿನ ತಳ ಸೇರಿತು. ಅವಳ ಮೇಲೆ ಸಿಟ್ಟು ಬಂದಾಗಲೆಲ್ಲ "ನೀನು ಹೊಲಿದ ಕೋಟಿನ ಹಾಗೆ" ಎಂದು ಶುರು ಮಾಡಲು ಒಂದು ಅನುಕೂಲವಾಯಿತು, ಅಷ್ಟೆ.

ಅವಳು ನನ್ನ ಮೈದುನನ ಹೆಂಡತಿ. ನನಗಿಂತ ಆರು ವರ್ಷ ಚಿಕ್ಕವಳು. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹೂಡಿ, ನಲವತ್ತೆರಡು ವರ್ಷ ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನಿದವರು. ನನ್ನ ಯಜಮಾನರು ಅಂಚೆ ಕಚೇರಿಯಲ್ಲಿ ಕಾಗದಗಳ ಮೇಲೆ ಮುದ್ರೆ ಒತ್ತುತ್ತಿದ್ದರು. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ, ಊಟಕ್ಕೆ ಕೂತರೆ ಮೇಜು ಕುಟ್ಟುತ್ತಿದ್ದರು. ಮೈದುನ ಲಾರಿ ಓಡಿಸುತ್ತಿದ್ದ. ಅವನು ಬಂದಿದ್ದಾನೆಂದು ತಿಳಿಯುತ್ತಿದ್ದದ್ದು ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಹೆಚ್ಚಾದಾಗ. ಇಬ್ಬರೂ ಈಗಿಲ್ಲ. ಒಲೆ ಮಾತ್ರ ಇನ್ನೂ ಎರಡೇ.

ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು. ಮಕ್ಕಳ ಬಟ್ಟೆ, ಶಾಲೆಯ ಯೂನಿಫಾರಂ ಅವಳ ಕಸುಬು. ಬೀದಿಯ ಕಿಟಕಿಯಿಂದಲೇ ಅಳತೆ ತೆಗೆಯುತ್ತಿದ್ದಳು. ಮಕ್ಕಳು ಕಿಟಕಿಯ ಸರಳು ಹಿಡಿದು ಬೆನ್ನು ತಿರುಗಿಸಿ ನಿಲ್ಲಬೇಕು. ಅಕ್ಷರ ಅವಳಿಗೆ ಬಾರದು. ಯಾರದು ಯಾವ ಬಟ್ಟೆ ಎಂದು ಗುರುತಿಗೆ ಒಳಮಡಿಕೆಯಲ್ಲಿ ಒಂದೊಂದು ಬಣ್ಣದ ನೂಲಿನ ಗಂಟು ಹಾಕುತ್ತಿದ್ದಳು. ನಾನು ಮೂರನೇ ಕ್ಲಾಸು ಓದಿದವಳು. ಆ ಮೂರು ಕ್ಲಾಸನ್ನು ನಲವತ್ತು ವರ್ಷ ಅವಳ ಮೇಲೆ ಚಲಾಯಿಸಿದ್ದೇನೆ.

ಮದುವೆಯಾಗಿ ಬಂದ ದಿನ ಅವಳ ಪೆಟ್ಟಿಗೆ ಬಿಚ್ಚಿದ್ದು ನಾನೇ. ಹಿರಿಯ ಸೊಸೆಗೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ? ನಾಲ್ಕು ಸೀರೆ, ಒಂದು ಕತ್ತರಿ, ಒಂದು ಮಗುವಿನ ಕಾಲುಚೀಲ. ಕಾಲುಚೀಲದ ಬಾಯಿ ಕಟ್ಟಿತ್ತು. ಬಿಚ್ಚಿದರೆ ಒಳಗೆ ಎಳ್ಳಿಗಿಂತ ಸಣ್ಣ, ಮಿರಿಮಿರಿ ಮಿಂಚುವ ಕರಿ ಕಾಳು.

"ಇದೇನೇ, ಬಂದೂಕಿನ ಮದ್ದಾ?"

"ದಂಟಿನ ಬೀಜ ಅಕ್ಕ. ನಮ್ಮಮ್ಮಂದು. ಅವರಮ್ಮನ ಕಾಲದಿಂದ ಬಂದದ್ದು."

"ಅಯ್ಯೋ, ದಂಟಿನ ಸೊಪ್ಪು ಮಾರ್ಕೆಟ್ಟಲ್ಲಿ ಸಿಗಲ್ವಾ?"

"ಸಿಗತ್ತೆ. ಇದು ಸಿಗಲ್ಲ."

ಅಷ್ಟು ಹೇಳಿ ಕಾಲುಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬಂದ ದಿನವೇ! ನಾನು ಅದನ್ನು ಮರೆತಿಲ್ಲ.

ಅದು ನಿಜವಾಗಿಯೂ ಮಾರ್ಕೆಟ್ಟಿನಲ್ಲಿ ಸಿಗುವ ದಂಟಲ್ಲ. ಎಲೆ ಅಗಲ, ಅಂಚು ಹಸಿರು, ನಡುವೆ ಮಾತ್ರ ನಾಲಿಗೆ ಚಾಚಿದ ಹಾಗೆ ಕೆಂಪು. ಅದಕ್ಕೇ ನಮ್ಮ ಮನೆಯಲ್ಲಿ ಅದು ನಾಲಿಗೆದಂಟು. ಕಾಂಡವನ್ನು ಬುಡದವರೆಗೆ ಉಗುರಲ್ಲಿ ಚಿವುಟಬಹುದು, ಒಂದು ನಾರೂ ಸಿಗದು. ಅದನ್ನು ಬೇಯಿಸಲು ಅವಳದೇ ಕಾನೂನು. ಕೊಯ್ದ ಮೇಲೆ ಮೂರು ನೀರು. ಪಾತ್ರೆ ಬಗ್ಗಿಸಿ ನೀರು ಚೆಲ್ಲುವಂತಿಲ್ಲ, ಸೊಪ್ಪನ್ನೇ ಮೇಲೆತ್ತಬೇಕು. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೇ ಬರುತ್ತದೆ. ತೊಳೆದ ಮೇಲೆ ಹೆಚ್ಚಬೇಕು. ಮೊದಲು ಕಾಂಡ, ಅದು ಮೆತ್ತಗಾದ ಮೇಲೆ ಎಲೆ. ಉಪ್ಪು ಕೊನೆಯಲ್ಲಿ, ಯಾಕೆಂದರೆ ಸೊಪ್ಪು ಬುಟ್ಟಿ ತುಂಬ ಇದ್ದದ್ದು ಬಟ್ಟಲಿಗೆ ಇಳಿಯುವ ಜಾತಿ. ಎಲ್ಲಕ್ಕಿಂತ ಮುಖ್ಯ, ಮುಚ್ಚಳ ಮುಚ್ಚಬಾರದು. ಮುಚ್ಚಿದರೆ ಬಣ್ಣ ಸಾಯುತ್ತದೆ. ಬೆಳ್ಳುಳ್ಳಿ ಜಜ್ಜಿ ಹಾಕಿ ಇಳಿಸಿದರೆ ಪಾತ್ರೆಯ ತಳದಲ್ಲಿ ಗುಲಾಬಿ ರಸ ನಿಂತಿರುತ್ತಿತ್ತು. ನನ್ನ ಒಲೆಯ ಮೇಲೆ ಏನೇ ಇದ್ದರೂ ನನ್ನ ಯಜಮಾನರ ಮೂಗು ಆ ಒಲೆಯ ಕಡೆ ತಿರುಗುತ್ತಿತ್ತು. "ಸ್ವಲ್ಪ ಅತ್ತಿಗೆಗೂ ಕೊಟ್ಟುಬಾ" ಎಂದು ಮೈದುನ ಹೇಳುವವರೆಗೆ ನಾನು ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಕೊಟ್ಟರೆ, "ಉಪ್ಪು ಕಮ್ಮಿ" ಎಂದು ಹೇಳಿ ಪೂರ್ತಿ ತಿನ್ನುತ್ತಿದ್ದೆ.

ಇನ್ನು ಕುಲಾವಿಯ ವಿಷಯ.

ನಮ್ಮ ಹಿತ್ತಿಲು ಎಂದರೆ ಗೋಡೆಗೂ ಮೋರಿಗೂ ನಡುವೆ ಎಂಟು ಹೆಜ್ಜೆ ಜಾಗ. ಗೋಡೆಯಾಚೆ ಯಾರದೋ ಖಾಲಿ ಸೈಟು. ಅದರ ತುಂಬ ಮುಳ್ಳುದಂಟು ಹುಲುಸಾಗಿ ಬೆಳೆದಿರುತ್ತದೆ, ಯಾರೂ ಬಿತ್ತದೆ, ಯಾರೂ ನೀರು ಹಾಕದೆ. ಅದು ಇದೇ ದಂಟಿನ ಪೋಲಿ ನಂಟ. ಅದರ ಹೂವಿನ ಹುಡಿ ಗಾಳಿಯಲ್ಲಿ ಹಾರಿ ಬಂದು ನಮ್ಮ ಗಿಡದ ತೆನೆಯ ಮೇಲೆ ಕೂತರೆ ಮುಗಿಯಿತು. ಮುಂದಿನ ಸಲ ಹುಟ್ಟುವುದಕ್ಕೆ ಬುಡದಿಂದ ತುದಿವರೆಗೆ ಮುಳ್ಳು. ಆದ್ದರಿಂದ ಅವಳು ಪ್ರತಿವರ್ಷ ಒಳ್ಳೆಯ ಐದು ಗಿಡ ಆರಿಸಿ, ಎಣ್ಣೆ ಡಬ್ಬಗಳಲ್ಲಿ ಬೇರೆ ಇಟ್ಟು, ಕಾಂಡಕ್ಕೆ ಕೆಂಪು ನೂಲು ಕಟ್ಟುತ್ತಿದ್ದಳು. ಕೆಂಪು ನೂಲಿನ ಗಿಡದ ಒಂದೆಲೆಯನ್ನೂ ಯಾರೂ ಮುಟ್ಟುವಂತಿಲ್ಲ. ತೆನೆ ಮೂಡುತ್ತಿದ್ದಂತೆ ಅದರ ತಲೆಗೆ ಅಸ್ತರಿನ ತೆಳುಬಟ್ಟೆಯ ಕುಲಾವಿ ಹೊಲಿದು ತೊಡಿಸುತ್ತಿದ್ದಳು. ಹಸುಗೂಸಿನ ತಲೆಗೆ ಕಟ್ಟುತ್ತಾರಲ್ಲ, ಥೇಟ್ ಅದೇ. ಕೆಳಗೆ ಲಾಡಿ, ಲಾಡಿಗೆ ಎಡಗಡೆ ಗಂಟು. ಗಾಳಿ ಆಡಬೇಕು, ಹುಡಿ ನುಗ್ಗಬಾರದು; ಅಂಥ ಬಟ್ಟೆ ಹುಡುಕಲು ಅವಳು ಅಂಗಡಿಯಲ್ಲಿ ಥಾನಿಗೆ ಬಾಯಿ ಹಚ್ಚಿ ಊದಿ ನೋಡುತ್ತಿದ್ದಳು. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿದ ಕೂಡಲೇ ಥಾನು ಒಳಗಿಡುತ್ತಿದ್ದ.

ಅವಳಿಗೆ ಇಬ್ಬರು ಗಂಡುಮಕ್ಕಳು. ಅವರ ತಲೆಗೆ ಅವಳು ಒಂದು ಕುಲಾವಿ ಹೊಲಿದದ್ದನ್ನು ನಾನು ನೋಡಿಲ್ಲ, ಬರೀ ತಲೆಯಲ್ಲೇ ಬೆಳೆದವು. ಈ ಮಾತನ್ನು ಬೀದಿಯ ಹೆಂಗಸರಿಗೆಲ್ಲ ಹೇಳಿದವಳು ನಾನೇ. ಅವಳಿಗೆ "ಕುಲಾವಿಯಮ್ಮ" ಎಂದು ಹೆಸರಿಟ್ಟವಳೂ ನಾನೇ.

ಬೀಜವನ್ನು ಅವಳು ಬಚ್ಚಿಟ್ಟುಕೊಂಡವಳಲ್ಲ. ಕೇಳಿದವರಿಗೆಲ್ಲ ಕೊಟ್ಟಳು. ಎಲ್ಲರೂ ಬಿತ್ತಿದರು, ಎಲ್ಲರೂ ತಿಂದರು, ಒಬ್ಬರೂ ಬೀಜಕ್ಕೆಂದು ಗಿಡ ಬಿಡಲಿಲ್ಲ. "ಗಿಡಕ್ಕೆ ಟೋಪಿ ಹೊಲೀತಾ ಕೂರೋಕೆ ನಮಗೇನು ಬೇರೆ ಕೆಲಸ ಇಲ್ವಾ? ಖಾಲಿಯಾದ್ರೆ ಕುಲಾವಿಯಮ್ಮ ಕೊಡ್ತಾಳೆ." ಹಾಗಾಗಿ ಲೆಕ್ಕಕ್ಕೆ ಉಳಿದದ್ದು ಅವಳ ಐದು ಗಿಡ, ಜೊತೆಗೆ ಹೋದ ವರ್ಷದ ಬೀಜ ತುಂಬಿದ ಒಂದು ಔಷಧಿ ಬಾಟಲಿ. ಅದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಗಿಡಕ್ಕೇನಾದರೂ ಆದರೆ ಇರಲಿ ಎಂದು.

ಇಂಥ ಹೊತ್ತಿನಲ್ಲಿ ನಮ್ಮ ಬಡಾವಣೆಯ ಮಹಿಳಾ ಸಮಿತಿಗೆ ಸೊಪ್ಪಿನ ಮೇಲೆ ಪ್ರೀತಿ ಉಕ್ಕಿತು.

ಹಿಂದಿನ ವರ್ಷ ಅವರಿಗೆ ಗುಬ್ಬಚ್ಚಿಗಳ ಮೇಲೆ ಉಕ್ಕಿತ್ತು. ಅದಕ್ಕೂ ಹಿಂದಿನ ವರ್ಷ ಅಜ್ಜಿಯರ ಮೇಲೆ. ಆಗ ನನ್ನನ್ನೂ ಕರೆದು ಶಾಲು ಹೊದಿಸಿ, ಊಟ ಬಡಿಸುವುದನ್ನು ಮರೆತರು. ಈ ಸಲ "ಪಾರಂಪರಿಕ ಸೊಪ್ಪು ಸಂಭ್ರಮ", ಮೂರು ದಿನ. ಕರಕುಶಲ ವಿಭಾಗ, ಅಡುಗೆ ವಿಭಾಗ, ಬೀಜ ಸಂರಕ್ಷಣೆ ವಿಭಾಗ. ಸಮಿತಿಯ ಅಧ್ಯಕ್ಷಿಣಿ ಸ್ವತಃ ನಮ್ಮ ಮನೆಗೆ ಬಂದಳು. ಕಿಟಕಿಯಿಂದಲ್ಲ, ಬಾಗಿಲಿನಿಂದ.

"ನಿಮ್ಮ ಟೋಪಿ ಗಿಡಗಳು ಬೇಕಲ್ಲ! ನಮ್ಮ ಸಂಭ್ರಮಕ್ಕೆ ಅದೇ ಕಳಶ ಇದ್ದ ಹಾಗೆ."

ಓರಗಿತ್ತಿ ಹೇಳಿದಳು: "ಈಗ ಆಗಲ್ಲಮ್ಮ. ತೆನೆ ಹೂವಲ್ಲಿದೆ. ಇನ್ನೊಂದು ತಿಂಗಳು ಬಿಟ್ಟು ಮಾಡಿ, ಕಾಳು ಕಟ್ಟಿರತ್ತೆ, ಎಲ್ಲಾ ತಂದಿಡ್ತೀನಿ."

"ತಿಂಗಳು ಬಿಟ್ಟರೆ ಮುಖ್ಯ ಅತಿಥಿಗಳು ಸಿಗಲ್ಲವಲ್ಲ."

"ಹೂವು ಅತಿಥಿನ ಕೇಳ್ಕೊಂಡು ಅರಳಲ್ಲಮ್ಮ" ಎಂದು ಹೇಳಿ, ಗುಂಡುಸೂಜಿ ಬಾಯಿಗಿಟ್ಟುಕೊಂಡಳು. ಮಾತು ಮುಗಿಯಿತು.

ಅಧ್ಯಕ್ಷಿಣಿ ಹೋಗುವಾಗ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅಷ್ಟು ಸಾಕಾಯಿತು.

ಸಂಭ್ರಮಕ್ಕೆ ಎರಡು ದಿನ ಇರುವಾಗ ಓರಗಿತ್ತಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ದೊಡ್ಡ ಮಗ ಬಂದು ಕರೆದುಕೊಂಡು ಹೋದ, ವಾರ ಅವನ ಮನೆಯಲ್ಲೇ ಇರಬೇಕು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕ, ನೀರು ಬುಡಕ್ಕೆ ಮಾತ್ರ ಹಾಕಿ. ಕುಲಾವಿಗೆ ಕೈ ಹಚ್ಚಬೇಡಿ. ಈ ಐದೇ ಗಿಡ ಇರೋದು" ಎಂದಳು.

"ನಾನೇನು ಗಿಡ ನೋಡದವಳಾ? ಹೋಗೇ, ಮೊದಲು ಕಣ್ಣು ನೋಡ್ಕೋ."

ಅವಳ ಆಟೋ ತಿರುವಿನಲ್ಲಿ ಮರೆಯಾಗಿ ಅರ್ಧ ಗಂಟೆಗೆ ಅಧ್ಯಕ್ಷಿಣಿಯ ಆಟೋ ಬಂತು. ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಎಂದಳು. ಮುಖ್ಯ ಅತಿಥಿಯ ಕೈಯಿಂದ ಪ್ರಶಸ್ತಿಪತ್ರ, ಅದರಲ್ಲಿ ನನ್ನ ಹೆಸರು, ದೊಡ್ಡ ಅಕ್ಷರದಲ್ಲಿ. ಮೂರನೇ ಕ್ಲಾಸಿಗೆ ಬಿಟ್ಟವಳಿಗೆ ಪ್ರಶಸ್ತಿಪತ್ರ ಎಂದರೆ ಏನೆಂದು ನಿಮಗೆ ಹೇಳಿ ತಿಳಿಯುವುದಿಲ್ಲ. ನಾನೇ ಡಬ್ಬಗಳನ್ನು ಎತ್ತಿ ಕೊಟ್ಟೆ. "ಬೀಜ ಏನಾದ್ರೂ ಇದ್ಯಾ?" ಎಂದಳು. ಸ್ಟೂಲು ಹತ್ತಿ ಹಲಗೆಯ ಮೇಲಿನ ಬಾಟಲಿಯನ್ನೂ ತೆಗೆದುಕೊಟ್ಟೆ. ಮೂರು ದಿನದ ಮಾತು, ಅವಳು ಬರುವಷ್ಟರಲ್ಲಿ ಎಲ್ಲ ಇದ್ದ ಜಾಗದಲ್ಲಿ ಇರುತ್ತದೆ ಎಂದುಕೊಂಡೆ.

ಸಭಾಭವನದ ಬಾಗಿಲಿಗೆ ಪ್ಲಾಸ್ಟಿಕ್ ಬಳ್ಳಿ ಸುತ್ತಿದ್ದರು. ಬ್ಯಾನರಿನ ಮೇಲೆ ಒಂದು ದೊಡ್ಡ ಎಲೆಕೋಸು. ಮುಖ್ಯ ಅತಿಥಿ ಮುಕ್ಕಾಲು ಗಂಟೆ ಸೊಪ್ಪಿನ ಮಹಿಮೆ ಹೇಳಿ, ಡಾಕ್ಟರು ತಮಗೆ ಸೊಪ್ಪು ತಿನ್ನಬಾರದೆಂದು ಹೇಳಿದ್ದಾರೆ ಎಂದು ವಿಷಾದಿಸಿ ಕೂತರು. ಚಪ್ಪಾಳೆ ಬಿತ್ತು. ಮೊದಲ ಸಾಲಿನ ನನ್ನ ಕುರ್ಚಿಯಲ್ಲಿ ಮುಖ್ಯ ಅತಿಥಿಯ ಅತ್ತೆ ಕೂತಿದ್ದರು. ನಾನು ಕಂಬಕ್ಕೆ ಒರಗಿ ನಿಂತೆ. ಪ್ರಶಸ್ತಿಪತ್ರದ ಮಾತನ್ನು ಯಾರೂ ಎತ್ತಲಿಲ್ಲ.

ಅಡುಗೆ ಸ್ಪರ್ಧೆಗೆ ನಾನೂ ನಾಲಿಗೆದಂಟು ಮಾಡಿಕೊಂಡು ಹೋಗಿದ್ದೆ. ಹಿತ್ತಿಲಲ್ಲಿ ತಿನ್ನಲು ಬಿಟ್ಟ ಗಿಡಗಳು ಇನ್ನೂ ನಾಲ್ಕಿದ್ದವು, ಬುಡಸಮೇತ ಕಿತ್ತು ಮಾಡಿದೆ. ಬೇಗ ಬೇಯಲೆಂದು ಮುಚ್ಚಳ ಮುಚ್ಚಿದೆ. ತೆಗೆದಾಗ ಪೋಲೀಸಿನವನ ಹಳೇ ಚಡ್ಡಿಯ ಬಣ್ಣ. ಮೊದಲ ಬಹುಮಾನ ಬಂದದ್ದು ಹಸಿರು ಬಣ್ಣ ಕಲಸಿ ಎಲೆಯಾಕಾರದಲ್ಲಿ ಮಾಡಿದ ಕೇಕಿಗೆ. ಅದರಲ್ಲಿ ಸೊಪ್ಪು ಎಲ್ಲಿದೆ ಎಂದು ಕೇಳಿದೆ. "ಇದು ಸೊಪ್ಪಿಗೆ ಗೌರವ ಸಲ್ಲಿಸೋದು ಅಜ್ಜಿ" ಎಂದರು. ನನಗೆ ಸಮಾಧಾನಕರ ಬಹುಮಾನ, ಒಂದು ಪ್ಲಾಸ್ಟಿಕ್ ಹೂಕುಂಡ. ಹೂವೂ ಅದರೊಳಗೇ ಅಂಟಿಸಿತ್ತು.

ಕರಕುಶಲ ವಿಭಾಗದಲ್ಲಿ "ಸುಂದರ ಕುಲಾವಿ ಸ್ಪರ್ಧೆ". ಓರಗಿತ್ತಿಯ ಕುಲಾವಿ ನೋಡಿ ಸಮಿತಿಯ ಹೆಂಗಸರೆಲ್ಲ ತಾವೂ ಹೊಲಿದಿದ್ದರು. ಜರಿಯದು, ಮಣಿಯದು, ಮುತ್ತು ಪೋಣಿಸಿದ್ದು. ಒಬ್ಬಾಕೆ ಕುಲಾವಿಗೆ ಹೊಂದುವ ಚೀಲವನ್ನೂ ಮಾಡಿ ತಂದಿದ್ದಳು, ಗಿಡ ಎಲ್ಲಿಗಾದರೂ ಹೋಗುವುದಿದ್ದರೆ ಇರಲಿ ಎಂದು. ತೀರ್ಪುಗಾರರು ಬಂದು ನಮ್ಮ ಐದು ಡಬ್ಬಗಳ ಮುಂದೆ ನಿಂತರು.

"ಮುಖ ನೋಡದೆ ಮಾರ್ಕ್ಸ್ ಹೇಗೆ ಕೊಡೋದು? ಸ್ವಲ್ಪ ಟೋಪಿ ತೆಗೀರಿ."

"ತೆಗೀಬಾರದಂತೆ" ಎಂದೆ.

"ಯಾಕೆ?"

ಯಾಕೆ ಎಂಬುದು ನನಗೆ ಗೊತ್ತಿತ್ತು. ನಲವತ್ತು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಆದರೆ ಅಷ್ಟು ಜನರ ಮುಂದೆ, ಶಾಲು ಹೊದ್ದವರ ಮುಂದೆ, ಗಿಡದ ನಂಟಸ್ತಿಕೆಯ ಮಾತು ಆಡಲು ನನಗೆ ನಾಚಿಕೆಯಾಯಿತು. "ನನ್ನ ಓರಗಿತ್ತಿಗೆ ಹಾಗೊಂದು ಹುಚ್ಚು" ಎಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕುಲಾವಿ ಬಿಚ್ಚಿದರು. ತೆನೆಗಳು ಕೆಂಪಗೆ ತುಂಬಿ ನಿಂತಿದ್ದವು, ನಿಜವಾಗಿಯೂ ಚೆಂದವಿದ್ದವು. ಫೋಟೋ ತೆಗೆದುಕೊಳ್ಳುವವರಿಗೆ ಬೆಳಕು ಚೆನ್ನಾಗಿರಲಿ ಎಂದು ಡಬ್ಬಗಳನ್ನು ಹೊರಗೆ ಕಾಂಪೌಂಡಿನ ಪಕ್ಕ ಇಟ್ಟರು. ಮೂರು ದಿನ ಅಲ್ಲೇ ಇದ್ದವು. ಕಾಂಪೌಂಡಿನಾಚೆ ಏನಿತ್ತು ಎಂದು ಕೇಳಬೇಡಿ. ಖಾಲಿ ಸೈಟಿಗೆ ಈ ಊರಿನಲ್ಲಿ ಬರವೇ?

ಗಿಡಗಳು ಮರಳಿ ಬಂದವು. ಯಾರೋ ಪುಣ್ಯಾತ್ಮಳು ಕುಲಾವಿಗಳನ್ನು ಒಗೆದು, ಇಸ್ತ್ರಿ ಹಾಕಿ ತೊಡಿಸಿ ಕಳಿಸಿದ್ದಳು. ನಾನು ಡಬ್ಬಗಳನ್ನು ಇದ್ದ ಗುರುತಿನ ಮೇಲೇ ಇಟ್ಟೆ. ಓರಗಿತ್ತಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು, ನೇರ ಹಿತ್ತಿಲಿಗೆ ಹೋದಳು. ಎರಡು ವರ್ಷದಿಂದ ಮಂಜಾಗಿದ್ದ ಕಣ್ಣಿಗೆ ಆಗಷ್ಟೇ ಲೋಕ ಸ್ಪಷ್ಟ ಕಾಣತೊಡಗಿತ್ತು. ಆ ಡಾಕ್ಟರು ಒಂದು ತಿಂಗಳು ತಡ ಮಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

"ಅಕ್ಕ, ಲಾಡಿ ಬಲಗಡೆ ಕಟ್ಟಿದೆ."

"ಗಾಳಿಗೆ ತಿರುಗಿರಬೇಕು."

"ಗಾಳಿ ಇಸ್ತ್ರಿನೂ ಹಾಕ್ತಾ?"

ಅವಳು ಒಳಗೆ ಹೋಗಿ ಹಲಗೆಯ ಮೇಲೆ ಕೈಯಾಡಿಸಿದಳು. ಬಾಟಲಿ ಇರಲಿಲ್ಲ. ಆಗ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈದರೆ ನಾನೂ ತಿರುಗಿ ಬೈಯಬಹುದಿತ್ತು, ಕೋಟಿನಿಂದ ಶುರು ಮಾಡಲು ನನ್ನ ಬಳಿ ಬೇಕಾದಷ್ಟಿತ್ತು. ಅವಳು ಮಿಷನ್ನಿನ ಮುಂದೆ ಕೂತು ಗುಂಡುಸೂಜಿ ಬಾಯಿಗಿಟ್ಟುಕೊಂಡಳು.

ಬಾಟಲಿ ತರುತ್ತೇನೆಂದು ನಾನು ಸಮಿತಿಯ ಕಚೇರಿಗೆ ಓಡಿದೆ. ಅಧ್ಯಕ್ಷಿಣಿ ಸಂತೋಷದಿಂದ ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದಳು. ಬಾಗಿಲಷ್ಟು ದೊಡ್ಡ ಹಲಗೆಯ ಮೇಲೆ ಒಂದು ಎಲೆಯ ಚಿತ್ರ. ಹಸಿರಿಗೆ ಹೆಸರುಕಾಳು, ಕೆಂಪಿಗೆ ಮಸೂರ. ಸುತ್ತ ನಾಲ್ಕು ಬೆರಳಗಲದ ಕಪ್ಪು ಅಂಚು, ಮಿರಿಮಿರಿ ಮಿಂಚುತ್ತಿತ್ತು.

"ನಿಮ್ಮ ಬೀಜವೇ ಅಜ್ಜಿ! ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಗೋಂದು ಹಾಕಿ, ಮೇಲೆ ಎರಡು ಕೈ ವಾರ್ನಿಶ್ ಹೊಡೆಸಿದೀವಿ. ಇನ್ನು ನೂರು ವರ್ಷ ಏನೂ ಆಗಲ್ಲ."

"ಅದರಲ್ಲಿ ಒಂದು ಚಿಟಿಕೆ ವಾಪಸ್ ಬೇಕಿತ್ತಮ್ಮ. ಬಿತ್ತೋಕೆ."

ಅವಳ ಮುಖ ಹುಳ್ಳಗಾಯಿತು. "ಬಿತ್ತೋಕಾ? ಇದು ಸಂರಕ್ಷಣೆ ಮಾಡಿದ್ದು. ಪರಂಪರೆನ ಹಾಗೆಲ್ಲ ಕೆರೆಯೋಕಾಗತ್ತಾ?"

ಅಷ್ಟರಲ್ಲಿ ಅವಳಿಗೆ ಫೋನು ಬಂತು. ಅವಳು ಬೆನ್ನು ತಿರುಗಿಸಿದಾಗ ನಾನು ಪರಂಪರೆಯನ್ನು ಉಗುರಿನಿಂದ ಕೆರೆದೆ. ಏಳು ಕಾಳು ಎದ್ದವು, ಜೊತೆಗೆ ನನ್ನ ಒಂದು ಉಗುರು. ಮನೆಗೆ ತಂದು ಬಿಸಿನೀರಲ್ಲಿ ತೊಳೆದು, ಟೀ ಲೋಟದ ಮಣ್ಣಲ್ಲಿ ಬಿತ್ತಿ, ಓರಗಿತ್ತಿಗೆ ಕಾಣದಂತೆ ನನ್ನ ಮಂಚದಡಿ ಇಟ್ಟೆ, ದಿನಾ ಬೆಳಗ್ಗೆ ಬಗ್ಗಿ ನೋಡಿದೆ. ಹದಿನೈದು ದಿನವಾದರೂ ಏನೂ ಮೇಲೆ ಬರಲಿಲ್ಲ. ವಾರ್ನಿಶ್ ಮಾತ್ರ ಒಳ್ಳೆಯ ಗಟ್ಟಿಯದು.

ಅತ್ತ ಆ ಐದು ಗಿಡಗಳ ಕಾಳು ಬಲಿತಿತ್ತು. ಓರಗಿತ್ತಿ ತೆನೆ ಕೊಯ್ದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಒಂದು ಹಿಡಿ ಬಿತ್ತಿದಳು. "ನೋಡೋಣ" ಎಂದದ್ದು ಬಿಟ್ಟರೆ ಇನ್ನೊಂದು ಮಾತಿಲ್ಲ. ಸಸಿ ಎದ್ದಾಗ ನಾನು ಅವಳಿಗಿಂತ ಮೊದಲು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ಎಲೆ ಅಗಲವಿತ್ತು, ನಡುವೆ ಕೆಂಪೂ ಇತ್ತು. "ಏನೂ ಆಗಿಲ್ಲ ಕಣೇ! ಸುಮ್ಮನೆ ಮುಖ ಊದಿಸ್ಕೊಂಡಿದ್ದೆ" ಎಂದು ಕೂಗಿದೆ. ಇನ್ನೊಂದು ವಾರಕ್ಕೆ, ಮೊಣಕೈ ಎತ್ತರ ಬಂದ ಮೇಲೆ, ಕಳೆ ಕೀಳಲು ಕೈ ಹಾಕಿದವಳು ಹಾ ಎಂದು ಎಳೆದುಕೊಂಡೆ. ಎಲೆಯ ಕಂಕುಳಲ್ಲಿ ಜೋಡಿ ಮುಳ್ಳು. ಒಂದೊಂದೇ ಗಿಡ ನೋಡುತ್ತಾ ಹೋದೆ. ಎಲ್ಲದಕ್ಕೂ ಮುಳ್ಳು. ಬೆರಳಿನ ರಕ್ತ ಸೀಪುತ್ತಾ ಅಲ್ಲೇ ಡಬ್ಬದ ಮೇಲೆ ಕೂತುಬಿಟ್ಟೆ.

ಅವಳು ಕಿಟಕಿಯ ಪಕ್ಕ ಯಾರದೋ ಯೂನಿಫಾರಮಿಗೆ ಗುಂಡಿ ಹಚ್ಚುತ್ತಿದ್ದಳು. ಹೋಗಿ ಎದುರು ನಿಂತೆ.

"ನಿಮ್ಮಮ್ಮನ ಬೀಜ ನಾನು ಹಾಳುಮಾಡಿದೆ ಕಣೇ. ಒಂದು ಕುರ್ಚಿಗೋಸ್ಕರ. ಅದೂ ಸಿಗಲಿಲ್ಲ."

ಅವಳು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಎಲ್ಲ ಮುಗಿದ ಮೇಲೆ ಕೇಳಿದಳು: "ಅಕ್ಕ, ಆ ಕೋಟು ಇದ್ಯಾ?"

"ಯಾವ ಕೋಟು?"

"ನಿಮ್ಮ ಮಗಳ ಮದುವೇಲಿ ಹೊಲಿದಿದ್ದು. ನೀಲಿದು. ಯಾರಿಗಾದ್ರೂ ಕೊಟ್ಟುಬಿಟ್ರಾ?"

"ನೀನು ಹೊಲಿದದ್ದನ್ನ ಕೊಟ್ರೆ ತಗೊಳ್ಳೋರ್ಯಾರು? ಟ್ರಂಕಲ್ಲಿ ಬಿದ್ದಿದೆ. ಈಗ ಅದ್ಯಾಕೆ?"

"ತನ್ನಿ."

ಟ್ರಂಕಿನ ತಳದಿಂದ ಎಳೆದು ತಂದೆ. ಮಡಿಕೆ ಹಾಗೇ ಇತ್ತು. ಅವಳು ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಕೆಳಗಿನ ಅಂಚನ್ನು ಬೆರಳಲ್ಲಿ ತಡವಿ, ಒಳಮಡಿಕೆಯಲ್ಲಿದ್ದ ಕೆಂಪು ನೂಲಿನ ಗಂಟನ್ನು ಬ್ಲೇಡಿನಿಂದ ಕತ್ತರಿಸಿ ಎಳೆದಳು. ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಹೆಬ್ಬೆರಳಿನಷ್ಟು ದೊಡ್ಡ ಬಟ್ಟೆಯ ಪೊಟ್ಟಣ. ಬಿಡಿಸಿದರೆ ಮಿರಿಮಿರಿ ಕರಿ ಕಾಳು.

ಒಂದು ದಿನ ನನ್ನ ಮೊಣಕಾಲಿಗೆ ಬಡಿದು ಏಳು ವರ್ಷ ಉಳಿದ ಸಿಟ್ಟು ಇದು!

"ಆ ವರ್ಷ ಅಮ್ಮ ಹೋದ್ರಲ್ಲ. ಅವರ ಹಿತ್ತಿಲಲ್ಲಿ ಕೊನೇ ಸಲ ಬಿಟ್ಟಿದ್ದ ತೆನೆದು" ಎಂದಳು. "ಒಂದೇ ಕಡೆ ಇಡಬಾರದು ಅಂತ ಅಮ್ಮ ಹೇಳೋರು. ಇಲಿ ಇದೆ, ಮಳೆ ಇದೆ. ಒಣಗಿದ ಜಾಗ, ಬೆಳಕಿಲ್ಲದ ಜಾಗ, ಯಾರೂ ಮುಟ್ಟದ ಜಾಗ ಎಲ್ಲಿದೆ ಅಂತ ಯೋಚನೆ ಮಾಡಿದೆ."

"ನಾನು ಅದನ್ನ ದಿನಾ ಹಾಕ್ಕೊಂಡು ತಿರುಗಿದ್ರೆ? ಮಳೇಲಿ ನೆನೆಸಿದ್ರೆ? ಒಗೆಯೋಕೆ ಹಾಕಿದ್ರೆ?"

"ನಾನು ಹೊಲಿದದ್ದನ್ನ ನೀವು ಹಾಕ್ಕೊಳ್ಳಲ್ಲ ಅಂತ ನನಗೆ ಗೊತ್ತಿಲ್ವಾ ಅಕ್ಕ?" ಎಂದಳು ಅವಳು. "ಬ್ಯಾಂಕಿನ ಲಾಕರ್ ಆದ್ರೂ ಒಂದು ದಿನ ತೆಗೀತಾರೆ."

"ಮತ್ತೆ ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲೇ, ಪಾಪಿ!"

"ಏಳು ವರ್ಷದ ಬೀಜ. ಹುಟ್ಟತ್ತೋ ಇಲ್ವೋ ಯಾರಿಗೆ ಗೊತ್ತು. ಹುಟ್ಟದಿದ್ರೆ ನೀವು ಎರಡು ಸಲ ಅಳಬೇಕಾಗ್ತಿತ್ತು."

ಅದು ಅವಳು ಹೇಳಿದ್ದು. ನಾನು ನಂಬುವುದಿಲ್ಲ. ಎರಡು ತಿಂಗಳು ನನ್ನನ್ನು ಮುಚ್ಚಳ ಹಾಕದೆ ಬೇಯಿಸಿದಳು, ಅಷ್ಟೆ. ಅದೇ ಅವಳ ಅಡುಗೆಯ ಕ್ರಮ.

ನಾಲ್ಕು ಪೊಟ್ಟಣಗಳಲ್ಲಿ ಎರಡನ್ನು ಬಿಚ್ಚಿದಳು, ಎರಡನ್ನು ಹಾಗೇ ಬಿಟ್ಟಳು. ದಂಟು ಸಾಮಾನ್ಯವಾಗಿ ನಾಲ್ಕು ದಿನಕ್ಕೆ ಮೊಳೆಯುತ್ತದೆ. ನಾಲ್ಕಾಯಿತು, ಆರಾಯಿತು. ಏಳನೇ ದಿನ ನಾನು ಸಮಿತಿಯ ಆ ಪ್ಲಾಸ್ಟಿಕ್ ಹೂಕುಂಡವನ್ನು ಮೋರಿಗೆ ಎಸೆದೆ, ಯಾರ ಮೇಲಾದರೂ ಸಿಟ್ಟು ತೀರಿಸಬೇಕಲ್ಲ. ಒಂಬತ್ತನೇ ದಿನ ಬೆಳಗ್ಗೆ ಅವಳು ಹಿತ್ತಿಲಿಂದ "ಅಕ್ಕ" ಎಂದಳು. ಕೂಗಲಿಲ್ಲ, ಬರೀ ಅಂದಳು. ಹೋಗಿ ನೋಡಿದರೆ ಅಷ್ಟು ಕಾಳಿನಲ್ಲಿ ಹನ್ನೊಂದು ಮೊಳಕೆ, ಕೂದಲೆಳೆಯಷ್ಟು. ನಾವಿಬ್ಬರೂ ಕೂತು ಎಣಿಸಿದೆವು. ನನಗೆ ಹನ್ನೊಂದು ಬಂತು, ಅವಳಿಗೂ ಹನ್ನೊಂದು ಬಂತು. ನಲವತ್ತೆರಡು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ಸಂಖ್ಯೆ ಅದೇ ಇರಬೇಕು.

ಮೊಣಕೈ ಎತ್ತರ ಬರುವವರೆಗೆ ಇಬ್ಬರೂ ಕಾಂಡಕ್ಕೆ ಕೈ ಹಚ್ಚಲಿಲ್ಲ. ಆಮೇಲೆ ಅವಳು ನನ್ನ ಕೈ ಹಿಡಿದು, ಗಿಡದ ಬುಡದಿಂದ ಮೇಲಕ್ಕೆ ಸವರಿಸಿದಳು. ನುಣುಪು. ಮುಳ್ಳಿಲ್ಲ.

ಕುಲಾವಿ ಈ ಸಲ ಇಬ್ಬರೂ ಹೊಲಿದೆವು. ನಾನು ಹೊಲಿದದ್ದು ಸೊಟ್ಟಗಿತ್ತು. ಅದನ್ನು ಬಿಚ್ಚಿ ಮತ್ತೆ ಹೊಲಿಸಿದಳು, ಮೂರು ಸಲ. "ಗಿಡಕ್ಕೆ ಏನು ಗೊತ್ತಾಗತ್ತೆ?" ಎಂದರೆ, "ಹುಡಿಗೆ ಗೊತ್ತಾಗತ್ತೆ" ಎಂದಳು. ಈಗ ಬೀದಿಯವರು ನಮ್ಮಿಬ್ಬರನ್ನೂ ಕುಲಾವಿಯಮ್ಮಂದಿರು ಎನ್ನುತ್ತಾರೆ. ಹೆಸರಿಟ್ಟವಳು ನಾನೇ ಆದ್ದರಿಂದ ಯಾರೊಂದಿಗೂ ಜಗಳವಾಡುವಂತಿಲ್ಲ.

ಸಮಿತಿಯ ಕಚೇರಿಯ ಆ ಚಿತ್ರಕ್ಕೆ ಬಂಗಾರದ ಬಣ್ಣದ ಚೌಕಟ್ಟು ಹಾಕಿಸಿದ್ದಾರೆ. ಕೆಳಗೊಂದು ಫಲಕ. ನನಗೆ ಓದು ಬರುವುದರಿಂದ ಕೂಡಿಸಿ ಕೂಡಿಸಿ ಓದಿದೆ: ಈ ಅಪರೂಪದ ತಳಿ ಈಗ ಎಲ್ಲಿಯೂ ಉಳಿದಿಲ್ಲ, ಸಮಿತಿಯು ಇದನ್ನು ಮುಂದಿನ ಪೀಳಿಗೆಗಾಗಿ ಕಾಪಾಡಿದೆ. ಅಧ್ಯಕ್ಷಿಣಿ ಮೊನ್ನೆ ಬಂದು ಮತ್ತೆ ಗಿಡ ಕೇಳಿದಳು. ಓರಗಿತ್ತಿ ಗುಂಡುಸೂಜಿ ಹುಡುಕತೊಡಗಿದಳು. ಸಿಗಲಿಲ್ಲ, ಯಾಕೆಂದರೆ ಅವು ನನ್ನ ಬಾಯಲ್ಲಿದ್ದವು.

ಕಾಳು ಬಲಿತು, ಕೇರಿ, ನೆರಳಲ್ಲಿ ಒಣಗಿಸಿ ಆದ ಮೇಲೆ ಒಂದು ಮಧ್ಯಾಹ್ನ ಅವಳು ಕೋಟು ತೆಗೆದುಕೊಂಡು ಕೂತಳು. ಎರಡು ಹೊಸ ಪೊಟ್ಟಣ ಕಟ್ಟಿ, ಅಂಚಿನ ಮಡಿಕೆಯೊಳಗೆ ಇಟ್ಟು, ಕೆಂಪು ನೂಲಲ್ಲಿ ಹೊಲಿದು, ಗಂಟು ಹಾಕಿ, ಹಲ್ಲಲ್ಲಿ ನೂಲು ಕಡಿದಳು.

"ಅಕ್ಕ, ಒಂದ್ಸಲ ಹಾಕಿ ನೋಡಿ. ಸರಿ ಕೂರತ್ತಾ?"

ತೊಟ್ಟು ಬಾಗಿಲವರೆಗೆ ನಡೆದೆ, ಕಿಟಕಿಯವರೆಗೆ ನಡೆದೆ. ಟಪ್ ಟಪ್ ಎಂದು ಮೊಣಕಾಲಿಗೆ ಬಡಿಯಿತು, ಮೊದಲಿಗಿಂತ ಜೋರಾಗಿ.

"ದರಿದ್ರ ಹೊಲಿಗೆ" ಎಂದೆ. "ಇದನ್ನ ಹಾಕ್ಕೊಂಡು ಯಾರಾದ್ರೂ ನಾಲ್ಕು ಜನರ ಮುಂದೆ ಹೋಗೋಕಾಗತ್ತಾ?"

"ಹಾಗಿದ್ರೆ ಸರಿಯಾಗಿದೆ" ಎಂದು ಅವಳು ಮಿಷನ್ನಿಗೆ ತಿರುಗಿದಳು.

ನಾನು ಕೋಟನ್ನು ಮಡಿಚಿ ಟ್ರಂಕಿನ ತಳದಲ್ಲಿಟ್ಟೆ.